ಹಮಾಮಾತ್ಸು ಓರ್ಕಾ-ಫ್ಲ್ಯಾಶ್ 4.0 ವಿ3: ಮಂದ ಬೆಳಕಿಗೆ ಒಳ್ಳೆಯ ಕ್ಯಾಮೆರಾ, ಆದರೆ ಖರ್ಚು ಅಲ್ಲಿಗೇ ನಿಲ್ಲದು

ಜೀವಕೋಶಗಳ ಪ್ರತಿದೀಪ್ತಿಯನ್ನು (ಬೆಳಕು ಹಾಯಿಸಿದಾಗ ಅವುಗಳಲ್ಲಿನ ಬಣ್ಣದ ಅಣುಗಳು ಹೊರಸೂಸುವ ಮಂದ ಬೆಳಕು) ಸೂಕ್ಷ್ಮದರ್ಶಕದಲ್ಲಿ ಚಿತ್ರಿಸುವವರಿಗೆ ಕ್ಯಾಮೆರಾದ ಆಯ್ಕೆ ಒಂದು ಕಾಲಕ್ಕೆ ಸುಲಭವಾಗಿತ್ತು. ಸಾಮಾನ್ಯ ಕೆಲಸಕ್ಕೆ ಸೋನಿ ಸಂವೇದಕವಿದ್ದ ಸಿಸಿಡಿ (ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಹಳೆಯ ಬಗೆಯ ಚಿಪ್), ಬೆಳಕು ತೀರ ಕಡಿಮೆಯಾದಲ್ಲಿ ಆ ಸಂಕೇತವನ್ನು ಓದುವ ಮೊದಲೇ ಹಿಗ್ಗಿಸುವ ಇಎಂಸಿಸಿಡಿ. 2009ರಲ್ಲಿ, ಸಿಸಿಡಿಗಿಂತ ವೇಗವಾಗಿ ಓದಬಲ್ಲ ಹೊಸ ಬಗೆಯ ಚಿಪ್ಪಾದ ವೈಜ್ಞಾನಿಕ ಸಿಮಾಸ್ ಸಂವೇದಕ ಪ್ರಕಟವಾಯಿತು. 2015ರಲ್ಲಿ ಸೋನಿ ಸಿಸಿಡಿ ತಯಾರಿಕೆಯನ್ನು ನಿಲ್ಲಿಸುವುದಾಗಿ ತಿಳಿಸಿದ ಮೇಲೆ ಹಳೆಯ ಲೆಕ್ಕಾಚಾರ ಪೂರ್ತಿ ತಲೆಕೆಳಗಾಯಿತು. ಆ ಪಲ್ಲಟದಲ್ಲಿ ನೆಲೆಯೂರಿದ ಕ್ಯಾಮೆರಾಗಳಲ್ಲಿ ಜಪಾನಿನ ಹಮಾಮಾತ್ಸು ಕಂಪನಿಯ ಸಿಮಾಸ್ ಕ್ಯಾಮೆರಾ ಓರ್ಕಾ-ಫ್ಲ್ಯಾಶ್ 4.0 ಒಂದು.

ಇದರ ನಿಜವಾದ ಗುಣ ಇರುವುದು 6.5 ಮೈಕ್ರಾನ್ ಅಳತೆಯ ಪಿಕ್ಸೆಲ್‌ನಲ್ಲಿ. 60 ಪಟ್ಟು ಹಿಗ್ಗಿಸುವ ಮಸೂರದೊಡನೆ ಒಂದು ಪಿಕ್ಸೆಲ್ ಮಾದರಿಯ ಮೇಲಿನ ಸುಮಾರು 108 ನ್ಯಾನೋಮೀಟರಿಗೆ ಸಮನಾಗುತ್ತದೆ. 1.4 ರಂಧ್ರಾಂಕದ (ಮಸೂರ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬುದರ ಅಳತೆ) ಮಸೂರ ಹಸಿರು ಬೆಳಕಿನಲ್ಲಿ ಬಿಡಿಸಿ ತೋರಬಲ್ಲ ಅಂತರದ ಅರ್ಧಕ್ಕೆ ಇದು ಬಹುತೇಕ ಹೊಂದುತ್ತದೆ; ವಿವರ ಕಳೆಯದಿರಲು ಬೇಕಾದದ್ದೂ ಅಷ್ಟೇ. ಅದನ್ನೇ 100 ಪಟ್ಟಿನ ಮಸೂರಕ್ಕೆ ಜೋಡಿಸಿದರೆ ಹೊಸ ವಿವರ ಸಿಗುವುದಿಲ್ಲ, ಇರುವ ಬೆಳಕು ಹೆಚ್ಚು ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ. ಗರಿಷ್ಠ ಕ್ವಾಂಟಮ್ ದಕ್ಷತೆ (ಬಿದ್ದ ಬೆಳಕಿನ ಕಣಗಳಲ್ಲಿ, ಅಂದರೆ ಫೋಟಾನ್‌ಗಳಲ್ಲಿ, ಸಂಕೇತವಾಗಿ ಬದಲಾಗುವ ಪಾಲು) 82 ಪ್ರತಿಶತ, ಓದುವ ಗದ್ದಲ (ಪಿಕ್ಸೆಲ್ ಓದುವಾಗ ಸೇರಿಕೊಳ್ಳುವ ತಪ್ಪು) ಒಂದೆರಡು ಎಲೆಕ್ಟ್ರಾನ್‌ಗಳಷ್ಟೆ. ಹಾಗಿದ್ದರೂ ಪಿಕ್ಸೆಲ್ಲೊಂದಕ್ಕೆ ಬೆರಳೆಣಿಕೆಯಷ್ಟೇ ಫೋಟಾನ್‌ಗಳು ಬೀಳುವ ಏಕಾಣು (ಒಂದೊಂದೇ ಅಣುವನ್ನು ನೋಡುವ) ಪ್ರಯೋಗಗಳಲ್ಲಿ ಇಎಂಸಿಸಿಡಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಎಚ್ಚರ: ಸಾಲುಗಳನ್ನು ನಡುವಿನಿಂದ ಅಂಚಿನತ್ತ ಓದಲು 10 ಮಿಲಿಸೆಕೆಂಡು ಹಿಡಿಯುವುದರಿಂದ, ಬಹಳ ವೇಗವಾಗಿ ಚಲಿಸುವ ವಸ್ತುವಿನ ಆಕಾರ ಓರೆಯಾಗಿ ಕಾಣಬಹುದು.

ಕೊಳ್ಳುವವರು ಸಾಮಾನ್ಯವಾಗಿ ಮರೆಯುವುದು ದತ್ತಾಂಶದ ಹೊರೆಯನ್ನು. ಸುಮಾರು 42 ಲಕ್ಷ ಪಿಕ್ಸೆಲ್‌ಗಳ ಒಂದು ಚಿತ್ರ 8 ಮೆಗಾಬೈಟ್ ಮೀರುತ್ತದೆ. ಸೆಕೆಂಡಿಗೆ 100 ಚಿತ್ರಗಳಂತೆ ಹತ್ತು ನಿಮಿಷ ತೆಗೆದರೆ ಸುಮಾರು 500 ಗಿಗಾಬೈಟ್. ಆ ವೇಗಕ್ಕೆ ಯುಎಸ್‌ಬಿ ಸಾಲದು, ಗಣಕದೊಳಗೆ ಕೂರಿಸುವ, ಹೆಚ್ಚು ವೇಗದ ಕ್ಯಾಮೆರಾ ಲಿಂಕ್ ಕಾರ್ಡೇ ಬೇಕು. ನಾವು ಕ್ಯಾಮೆರಾಕ್ಕೆ ಹಣ ಹೊಂದಿಸಿ, ಗಣಕದಲ್ಲಿ ಹಳೆಯ ಡಿಸ್ಕನ್ನೇ ಉಳಿಸಿಕೊಂಡು, ಮೊದಲ ವಾರದಲ್ಲೇ ಅದು ತುಂಬಿಹೋದಾಗ ಈ ಪಾಠ ಕಲಿತೆವು. ತಪ್ಪು ನಮ್ಮದೇ.

ಭಾರತದ ಸರ್ಕಾರಿ ಸಂಶೋಧನಾ ಸಂಸ್ಥೆಗಳಿಗೆ ಬೆಲೆಯ ಕಷ್ಟವೂ ಹೆಚ್ಚಿದೆ: ವೈಜ್ಞಾನಿಕ ಉಪಕರಣಗಳಿಗಿದ್ದ 5 ಪ್ರತಿಶತದ ರಿಯಾಯಿತಿ ಜಿಎಸ್‌ಟಿ ದರವನ್ನು 2022ರ ಜುಲೈನಲ್ಲಿ ಹಿಂತೆಗೆದುಕೊಂಡದ್ದರಿಂದ ಈಗ 18 ಪ್ರತಿಶತ ತೆರಬೇಕು. ಇತ್ತ ತಯಾರಕರ ಸಂಖ್ಯೆ ಹೆಚ್ಚಿದಂತೆ ಕಂಡರೂ ಒಡೆತನ ಕೆಲವರ ಕೈಗೆ ಸೇರುತ್ತಿದೆ; ಆಂಡೋರ್ ಆಕ್ಸ್‌ಫರ್ಡ್ ಇನ್‌ಸ್ಟ್ರುಮೆಂಟ್ಸ್‌ಗೆ, ಫೋಟೋಮೆಟ್ರಿಕ್ಸ್ ಟೆಲಿಡೈನ್‌ಗೆ, ಪಿಸಿಒ ಎಕ್ಸೆಲಿಟಾಸ್‌ಗೆ ಸೇರಿವೆ. ಚೀನಾದ ಟಕ್ಸೆನ್‌ನಂಥ ಕಂಪನಿಗಳು ಸ್ಪರ್ಧೆಗಿಳಿದಿರುವುದು ಕೊಳ್ಳುವವರಿಗೆ ಒಳ್ಳೆಯದೇ. ಹಮಾಮಾತ್ಸು ತಾನೇ 2021ರಲ್ಲಿ ತಂದ ಓರ್ಕಾ-ಕ್ವೆಸ್ಟ್‌ನ ಓದುವ ಗದ್ದಲ 0.27 ಎಲೆಕ್ಟ್ರಾನ್‌ಗೆ ಇಳಿದಿರುವಾಗ ಫ್ಲ್ಯಾಶ್ ಹಳತೆನಿಸುವುದು ಸಹಜ. ಆದರೆ ದಿನನಿತ್ಯದ ಪ್ರತಿದೀಪ್ತಿ ಚಿತ್ರಣಕ್ಕೆ ಆ ವ್ಯತ್ಯಾಸ ಬೇಕಾಗುವುದು ವಿರಳ. ಟೆಂಡರ್ ಕರೆಯುವವರು ಗದ್ದಲದ ಅಂಕಿಗಿಂತ ಮೊದಲು, ಸೂಕ್ಷ್ಮದರ್ಶಕ, ಕ್ಯಾಮೆರಾಗಳನ್ನು ನಡೆಸುವ ಮುಕ್ತ ತಂತ್ರಾಂಶವಾದ ಮೈಕ್ರೋ-ಮ್ಯಾನೇಜರ್‌ನಲ್ಲಿ ಕ್ಯಾಮೆರಾ ಓಡುತ್ತದೆಯೇ ಎಂದು ವಿಚಾರಿಸಲಿ. ನಮ್ಮಲ್ಲಿ ಫ್ಲ್ಯಾಶ್ ಈಗಲೂ 60 ಪಟ್ಟಿನ ಮಸೂರದ ಹಿಂದೆಯೇ ಇದೆ, ಏಕಾಣು ಕೆಲಸಕ್ಕೆ ಹಳೆಯ ಇಎಂಸಿಸಿಡಿಯನ್ನು ಬಿಟ್ಟಿಲ್ಲ.