ಕೊಲೆಗಾರ ಯಾರೆಂದು ಮೊದಲೇ ತೋರಿಸಿಬಿಡುವ ‘ಕೊಲಂಬೋ’

ಪತ್ತೇದಾರಿ ಸೀರಿಯಲ್ ಅಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಕೊನೆಯ ಐದು ನಿಮಿಷದ ತನಕ ಎಲ್ಲ ಮುಚ್ಚಿಟ್ಟು, ಆಮೇಲೆ ಮೂಲೆಯಲ್ಲಿ ಕೂತಿದ್ದ ಯಾರನ್ನೋ ಎಳೆದು ತಂದು ‘ಇವನೇ’ ಅಂದರೆ ಸಿಟ್ಟು ಬರುತ್ತದೆ. ಹೋದ ಮಳೆಗಾಲದಲ್ಲಿ ಅಪ್ಪನಿಗೆ ಮಂಡಿ ಆಪರೇಷನ್ ಆಯಿತು. ಅವರಿಗೆ ಹೊತ್ತು ಹೋಗಲಿ ಅಂತ ಅಣ್ಣ ಹಳೇ ಡಿವಿಡಿಗಳ ಒಂದು ಡಬ್ಬ ಕೊಟ್ಟು ಹೋದ. ಅಮೆರಿಕದ ಪತ್ತೇದಾರಿ ಸೀರಿಯಲ್ ‘ಕೊಲಂಬೋ’. ಸುಮ್ನೆ ಹಾಕಿದೆ. ಈಗ ರಾತ್ರಿ ಊಟ ಆದ ಮೇಲೆ ನಮ್ಮ ಮನೆಯಲ್ಲಿ ಬೇರೆ ಏನೂ ಓಡುವುದಿಲ್ಲ.

ಇದರಲ್ಲಿ ಯಾರು ಕೊಂದರು ಅನ್ನುವ ಗುಟ್ಟೇ ಇಲ್ಲ. ಕೊಲೆ ಹೇಗಾಯಿತು ಅಂತ ಮೊದಲೇ ಪೂರ್ತಿ ತೋರಿಸಿಬಿಡುತ್ತಾರೆ. ಆಮೇಲೆ ಮುದುರಿದ ರೇನ್‌ಕೋಟ್ ಹಾಕಿಕೊಂಡು, ಕೈಯಲ್ಲಿ ಸಿಗಾರ್ ಹಿಡಿದು, ಲಟಾರಿ ಪ್ಯೂಜೋ ಕಾರಿನಲ್ಲಿ ಪೊಲೀಸ್ ಪತ್ತೇದಾರ ಕೊಲಂಬೋ ಬರುತ್ತಾನೆ. ಎದುರಿಗಿರುವವರೆಲ್ಲ ದುಡ್ಡಿರುವವರು, ಹೆಸರಿರುವವರು. ಇವನ ಕೋಟು ನೋಡಿಯೇ ಇವನನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅಲ್ಲೇ ಸಿಕ್ಕಿಬೀಳುತ್ತಾರೆ.

ನಾವು ಮೊದಲು ನೋಡಿದ್ದು 1971ರ ‘ಮರ್ಡರ್ ಬೈ ದ ಬುಕ್’. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್, ಆಗ ಅವರಿಗೆ 24 ವರ್ಷ. ರಸ್ತೆಯಲ್ಲಿ ಒಂದು ಕಾರು ಬರುತ್ತಿರುತ್ತದೆ. ನಮಗೆ ಕೇಳಿಸುವುದು ಕಾರಿನ ಸದ್ದಲ್ಲ, ಟೈಪ್‌ರೈಟರ್ ಸದ್ದು. ಟಕಟಕ, ಟಕಟಕ. ಒಳಗೆ ಒಬ್ಬ ಬರೆಯುತ್ತಿದ್ದಾನೆ, ಹೊರಗಿಂದ ಅವನ ಸಾವು ಬರುತ್ತಿದೆ. ಸಾಯುವವನು, ಕಾರಿನಲ್ಲಿ ಬರುವ ಕೊಲೆಗಾರ, ಇಬ್ಬರೂ ಜೊತೆಗೂಡಿ ಪತ್ತೇದಾರಿ ಕಾದಂಬರಿ ಬರೆಯುವ ಗೆಳೆಯರು. ಸತ್ತವನ ಹೆಂಡತಿ ಕಂಗಾಲಾಗಿದ್ದಾಗ ಕೊಲಂಬೋ ಅವಳ ಅಡುಗೆಮನೆಗೆ ಹೋಗಿ ಆಮ್ಲೆಟ್ ಮಾಡಿ ಕೊಡುತ್ತಾನೆ. ಅದು ಬರೀ ಉಪಾಯ ಅಂತ ನನಗೆ ಅನಿಸಲಿಲ್ಲ. ಆ ಮನುಷ್ಯನಿಗೆ ನಿಜವಾಗಿ ಕನಿಕರ ಇದೆ.

ಅಪ್ಪ ಅಂಚೆ ಕಚೇರಿಯಲ್ಲಿ ಇಡೀ ಜೀವನ ದುಡಿದವರು. ಅವರಿಗೆ ಇಂಗ್ಲಿಷ್ ಮಾತು ಅಷ್ಟು ಹಿಡಿಯುವುದಿಲ್ಲ, ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತೇನೆ. ಆದರೂ ಕಥೆ ತಪ್ಪುವುದಿಲ್ಲ, ಕೊಲೆಯನ್ನು ಕಣ್ಣಾರೆ ನೋಡಿದ್ದಾರಲ್ಲ! ಆ ಕಂತಿನಲ್ಲಿ ಗೆಳೆಯನ ಹೆಣ ತನ್ನ ಮನೆ ಮುಂದಿನ ಹುಲ್ಲಿನ ಮೇಲೆ ಬಿದ್ದಿದ್ದರೂ ಕೊಲೆಗಾರ ಅವತ್ತು ಬಂದ ಪತ್ರಗಳನ್ನು ಒಡೆದಿರುತ್ತಾನೆ. ಕೊಲಂಬೋ ಅದನ್ನು ಕೇಳಿದ ಕೂಡಲೇ ಅಪ್ಪ ಎದ್ದು ಕೂತರು. ‘ಸಾವಿನ ಮನೇಲಿ ಯಾರಾದರೂ ಟಪಾಲು ಒಡೀತಾರೇನೇ?’ ಅಂದರು. ಕೊಲಂಬೋ ಬಾಗಿಲ ತನಕ ಹೋಗಿ ತಿರುಗಿ ‘ಜಸ್ಟ್ ಒನ್ ಮೋರ್ ಥಿಂಗ್’ ಅಂದಾಗಲೆಲ್ಲ ಈಗ ಅಪ್ಪನದೂ ಜೊತೆಗೆ: ‘ಇನ್ನೊಂದ್ ಮಾತು ಸ್ವಾಮಿ.’

ಕೊಲಂಬೋ ಪಾತ್ರ ಮಾಡಿದ ಪೀಟರ್ ಫಾಕ್ ನಟನೆಗೆ ಎಷ್ಟು ಹೇಳಿದರೂ ಸಾಲದು. ಮೂರನೇ ವಯಸ್ಸಿನಲ್ಲೇ ಒಂದು ಕಣ್ಣು ಹೋಗಿತ್ತು, ಅಲ್ಲಿರುವುದು ಗಾಜಿನ ಕಣ್ಣು. ಆ ಓರೆ ನೋಟ, ಜೇಬು ತಡಕುವ ಕೈ, ಒಮ್ಮೆಯೂ ನಮಗೆ ಕಾಣಿಸದ ಹೆಂಡತಿಯ ಬಗ್ಗೆ ಆಡುವ ಮಾತು, ಯಾವುದೂ ಹೆಚ್ಚು ಅನಿಸುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ಒಂದು ಕಂತು ಹೆಚ್ಚುಕಡಿಮೆ ಒಂದೂಕಾಲು ಗಂಟೆಯಾದರೂ ಇದೆ, ಕೆಲವು ಎಳೆದಂತಿವೆ. 1968ರಿಂದ 2003ರವರೆಗೆ ಒಟ್ಟು 69 ಬಂದಿವೆ. 1989ರ ನಂತರದವುಗಳಲ್ಲಿ ಹಳೆಯ ಬಿಗಿ ಇಲ್ಲ. 1970ರ ದಶಕದವನ್ನು ಮೊದಲು ನೋಡಿ.

ನನಗೆ ತುಂಬಾ ಹಿಡಿಸಿದ್ದು 1973ರ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’. ಕೊಲೆಗಾರ ವೈನ್ ಮಾಡುವವನು, ಡೊನಾಲ್ಡ್ ಪ್ಲೆಸೆನ್ಸ್ ಆ ಪಾತ್ರದಲ್ಲಿದ್ದಾರೆ. ಅವನನ್ನು ಹಿಡಿಯುವುದಕ್ಕೆ ಕೊಲಂಬೋ ವೈನ್ ಬಗ್ಗೆ ಕಲಿಯುತ್ತಾನೆ, ಕಲಿತು ಕಲಿತು ಅವನ ಮೇಲೆ ಗೌರವ ಹುಟ್ಟುತ್ತದೆ. ಕೊನೆಗೆ ಆ ಹಳೇ ಕಾರಿನಲ್ಲಿ ಇಬ್ಬರೂ ಕೂತು ಒಂದೊಂದು ಗ್ಲಾಸ್ ವೈನ್ ಕುಡಿಯುತ್ತಾರೆ. ಅದು ಮುಗಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇವತ್ತಿಗೆ ಇಷ್ಟೇ ಸಾಕು, ಇನ್ನೊಂದು ಹಾಕಬೇಡ’ ಅಂದರು.