ಸೋರ್ಸ್ ಫೈಲನ್ನು ಮೆಮೊರಿಗೆ ತರಲು ಮೂರು ದಾರಿ: ನಾವು ಯಾವುದನ್ನು ಉಳಿಸಿಕೊಂಡೆವು?

ನಾನಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ, ಗೆಳೆಯ ಮಂಡ್ಯದಲ್ಲಿ. ಇಬ್ಬರೂ ಸೇರಿ ಸಿ ಭಾಷೆಯಲ್ಲಿ ಒಂದು ಪುಟ್ಟ ಕಂಪೈಲರ್ (ಬರೆದ ಕೋಡನ್ನು, ಅಂದರೆ ಸೋರ್ಸ್ ಫೈಲನ್ನು, ಕಂಪ್ಯೂಟರ್ ನಡೆಸಬಲ್ಲ ರೂಪಕ್ಕೆ ತರುವ ಪ್ರೋಗ್ರಾಂ) ಬರೆಯುತ್ತಿದ್ದೇವೆ. ಇದರಲ್ಲಿ ವೇರಿಯಬಲ್‌ಗಳಿಗೆ ಕನ್ನಡದ ಹೆಸರೇ ಇಡಬಹುದು. ಫೈಲ್ ಓದುವುದು ಹೇಗೆ ಅನ್ನುವುದರಲ್ಲೇ ಜಗಳ ಶುರುವಾಯಿತು. ಸರಿ, ಮೂರನ್ನೂ ಬರೆದು ನೋಡೋಣ ಅಂದುಕೊಂಡೆವು.

ಮೊದಲನೆಯದು ತುಂಡು ತುಂಡಾಗಿ ಓದುವುದು. ಮೆಮೊರಿ ಕಮ್ಮಿ ಸಾಕು. ಟೈನಿ ಸಿ ಕಂಪೈಲರ್ ಮಾಡುವುದೂ ಇದನ್ನೇ, 8192 ಬೈಟ್‌ಗಳ ಬಫರ್ (ಓದಿದ್ದನ್ನು ಇಡುವ ಮೆಮೊರಿಯ ಜಾಗ) ಇಟ್ಟುಕೊಂಡು. ಬಫರ್ ಮುಗಿದದ್ದು ಗೊತ್ತಾಗಲಿ ಅಂತ ಕೊನೆಗೊಂದು ಬ್ಯಾಕ್‌ಸ್ಲ್ಯಾಶ್ ಇಡುತ್ತದೆ. ಜಾಣತನ ಅಲ್ವಾ? ನಾವು 4096 ಬೈಟ್‌ಗಳ ಬಫರ್ ಇಟ್ಟೆವು. ಕನ್ನಡಕ್ಕೆ ಬಂದಾಗ ತಲೆನೋವು. ‘ಮಂಡ್ಯ’ ಕಣ್ಣಿಗೆ ಎರಡೇ ಅಕ್ಷರ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಮ, ಅನುಸ್ವಾರ, ಡ, ಹಲಂತ, ಯ ಅಂತ ಐದು ಕೋಡ್; ಒಂದೊಂದಕ್ಕೆ 3ರಂತೆ 15 ಬೈಟ್. ಬಫರಿನ ಗಡಿ ‘ಡ’ದ ನಡುವೆಯೇ ಬಿದ್ದರೆ ಅರ್ಧ ಈಚೆ, ಅರ್ಧ ಆಚೆ. ಉಳಿದ ಚೂರನ್ನು ಮುಂದಕ್ಕೆ ಎಳೆದು ಮತ್ತೆ ತುಂಬಿಸಬೇಕು. ಹಳೆಯ ಬಫರ್ ಅಳಿಸಿಹೋಗುವುದರಿಂದ ಪ್ರತಿ ಹೆಸರನ್ನೂ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಬೇಕು.

ಎರಡನೆಯದು ಗೆಳೆಯನ ಮೆಚ್ಚು: ಎಂಮ್ಯಾಪ್. ಫೈಲಿನ ಪೇಜ್‌ಗಳನ್ನು (ಮೆಮೊರಿಯ ಒಂದೇ ಅಳತೆಯ ತುಂಡುಗಳು) ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲೇ ನಮ್ಮ ವಿಳಾಸಕ್ಕೆ ಜೋಡಿಸುತ್ತದೆ, ನಕಲಿನ ಗೊಡವೆ ಇಲ್ಲ. ಕೊನೆಯ ಪೇಜಿನಲ್ಲಿ ಉಳಿದ ಜಾಗಕ್ಕೆ ಸೊನ್ನೆ ತುಂಬಿರುತ್ತದೆ. ಲೆಕ್ಸರ್ (ಕೋಡನ್ನು ಪದಪದವಾಗಿ ಬಿಡಿಸುವ ಭಾಗ) ಆ ಸೊನ್ನೆ ನೋಡಿ ನಿಂತರಾಯಿತು. ಆದರೆ ಪೇಜ್ 4096 ಬೈಟ್ ಇದ್ದು, ಫೈಲೂ ಸರಿಯಾಗಿ ಅಷ್ಟೇ ಇದ್ದರೆ? ಬೇಕಂತಲೇ ಕಾಮೆಂಟ್ ತುಂಬಿಸಿ ಅಂಥದ್ದೊಂದು ಫೈಲ್ ಮಾಡಿದೆವು. ಸೊನ್ನೆಗೆ ಜಾಗವೇ ಇಲ್ಲ; ಲೆಕ್ಸರ್ ಪಕ್ಕದ ಪೇಜಿಗೆ ಕಾಲಿಟ್ಟು ಸೆಗ್‌ಫಾಲ್ಟ್: ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಬಿದ್ದುಹೋಯಿತು. ಕ್ಲ್ಯಾಂಗ್ ಎಂಬ ಸಿ ಕಂಪೈಲರಿಗೆ ಈ ಗುಟ್ಟು ಗೊತ್ತು. ಇಂಥ ಅಳತೆಯ ಫೈಲನ್ನು ಅದು ಮಾಮೂಲಿಯಾಗಿ ಓದಿಕೊಳ್ಳುತ್ತದೆ. 16 ಕೆಬಿಗಿಂತ ಚಿಕ್ಕ ಫೈಲಿಗೂ ಎಂಮ್ಯಾಪ್ ಬಳಸುವುದಿಲ್ಲ. ಇನ್ನೊಂದು ಕಿರಿಕಿರಿ: ಓದುತ್ತಿರುವಾಗಲೇ ಎಡಿಟರ್ ಫೈಲನ್ನು ಮೊಟಕು ಮಾಡಿದರೆ ಬಸ್ ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ.

ನನ್ನ ಓಟು ಮೂರನೆಯದಕ್ಕೆ. ಫೈಲಿನ ಗಾತ್ರಕ್ಕಿಂತ ಒಂದು ಬೈಟ್ ಜಾಸ್ತಿ ಜಾಗ ತೆಗೆದುಕೊಂಡು, ಪೂರ್ತಿ ಓದಿ, ಕೊನೆಗೆ ಸೊನ್ನೆ ಇಡುವುದು. ಗಡಿಯ ರಗಳೆ ಇಲ್ಲ. ಟೋಕನ್ (ಲೆಕ್ಸರ್ ಬಿಡಿಸಿದ ಒಂದು ಪದ) ಅಂದರೆ ಬಫರಿನೊಳಗಿನ ಒಂದು ಪಾಯಿಂಟರ್ (ವಿಳಾಸ), ಒಂದು ಉದ್ದ, ಅಷ್ಟೇ. ತಪ್ಪು ತೋರಿಸುವಾಗ ಇಡೀ ಸಾಲು ಅಲ್ಲೇ ಸಿಗುತ್ತದೆ. ನಮ್ಮ ಚಿಕ್ಕ ಫೈಲ್‌ಗಳಲ್ಲಿ ವೇಗದ ವ್ಯತ್ಯಾಸವೂ ಕಾಣಲಿಲ್ಲ. ಇದನ್ನೇ ಉಳಿಸಿಕೊಂಡೆವು.

ಪೈಪಿನಿಂದ (ಇನ್ನೊಂದು ಪ್ರೋಗ್ರಾಂನಿಂದ ನೇರವಾಗಿ) ಬರುವ ಕೋಡಿಗೆ ಮಾತ್ರ ಗಾತ್ರ ಮೊದಲೇ ಗೊತ್ತಿರುವುದಿಲ್ಲ. ಬಫರ್ ಬೆಳೆಸುತ್ತಾ ಹೋದರೆ ಅದು ಬೇರೆ ವಿಳಾಸಕ್ಕೆ ಹೋಗಿಬಿಡಬಹುದು; ಆಗ ಟೋಕನ್‌ಗಳ ಪಾಯಿಂಟರ್‌ಗಳು ಹಳೆಯ ಜಾಗವನ್ನೇ ತೋರಿಸುತ್ತಿರುತ್ತವೆ. ಅದಕ್ಕೇ ಪೈಪ್ ಪೂರ್ತಿ ಖಾಲಿಯಾದ ಮೇಲಷ್ಟೇ ಲೆಕ್ಸರ್ ಶುರುಮಾಡುತ್ತೇವೆ.