ತುಮಕೂರಿನ ಒಂದು ವಿದೇಶ ವ್ಯಾಸಂಗ ಸಲಹಾ ಕಚೇರಿ: ಕಾಗದಪತ್ರ ಅಚ್ಚುಕಟ್ಟು, ಹಣದ ಲೆಕ್ಕ ಅರ್ಧ

ನನ್ನ ಅಕ್ಕನ ಮಗಳು ತುಮಕೂರಿನಲ್ಲಿಯೇ ಬಿ.ಇ. ಮುಗಿಸಿ, 2025ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಎಂ.ಎಸ್‌ಸಿ. ಓದಲು ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋದಳು. ಆ ವರ್ಷದ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಸಲಹಾ ಕಚೇರಿಯ ಎರಡನೇ ಮಹಡಿಗೆ ಅವಳ ಜೊತೆ ನಾನೂ ಭಾವನವರೂ ಹನ್ನೆರಡು ಸಲವಾದರೂ ಹತ್ತಿಳಿದಿದ್ದೇವೆ. ಭಾವನವರು ಗುಬ್ಬಿ ತಾಲ್ಲೂಕಿನ ತೆಂಗು ಬೆಳೆಗಾರರು. ನಾನು ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮನೆಯಲ್ಲಿ ಇದಕ್ಕೆ ಮೊದಲು ಯಾರೂ ಓದಲು ಸಮುದ್ರ ದಾಟಿದವರಲ್ಲ. ನಮ್ಮಂಥ ಕುಟುಂಬದವರು ಅಂಥ ಕಚೇರಿಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ಬೇರೆಡೆ ಹುಡುಕಿಕೊಳ್ಳಬೇಕು ಎಂಬುದನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ. ಕಚೇರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ಅವರ ಗುಣ ಹೇಳುತ್ತೇನೆ, ಏಕೆಂದರೆ ಅದು ದೊಡ್ಡದು. ಅಲ್ಲಿನ ಸಲಹೆಗಾರ್ತಿ ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ತಿಪಟೂರಿನ ಕಡೆಯವಳು. ಎಲ್ಲವನ್ನೂ ಕನ್ನಡದಲ್ಲಿ, ಭಾವನವರಿಗೆ ಅರ್ಥವಾಗುವವರೆಗೆ ವಿವರಿಸುತ್ತಿದ್ದಳು. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ತೋರಿಸಬೇಕಾದ ಹಣದ ನಿಯಮವನ್ನು ಆಕೆ ಹಾಳೆಯ ಮೇಲೆ ಬರೆದುಕೊಟ್ಟಳು. ಬಾಕಿ ಇರುವ ಶುಲ್ಕ, ಅದರ ಜೊತೆಗೆ ಲಂಡನ್ನಿನ ಹೊರಗಾದರೆ ತಿಂಗಳಿಗೆ 1,136 ಪೌಂಡಿನಂತೆ ಒಂಬತ್ತು ತಿಂಗಳ ಜೀವನ ವೆಚ್ಚ, ಅಂದರೆ 10,224 ಪೌಂಡ್. ಇಷ್ಟೂ ಹಣ ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನವೂ ಕೆಳಗಿಳಿಯಬಾರದು, ಆ 28ನೇ ದಿನವು ಅರ್ಜಿ ಹಾಕುವ ದಿನಕ್ಕೆ 31 ದಿನಗಳೊಳಗೆ ಇರಬೇಕು. (2025ರ ನವೆಂಬರ್ 11ರಿಂದ ಆ 1,136 ಪೌಂಡ್ 1,171 ಆಗಿದೆ, ಈಗ ಹೊರಡುವವರು ಆಯಾ ಸಮಯದ ಮೊತ್ತವನ್ನು ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿಯೇ ನೋಡಿಕೊಳ್ಳಬೇಕು.)

ನಮ್ಮ ಲೆಕ್ಕ ಹೀಗಿತ್ತು. ಕಟ್ಟಿದ ಮುಂಗಡ ಕಳೆದು ಶುಲ್ಕದ ಬಾಕಿ 13,000 ಪೌಂಡ್, ಜೀವನ ವೆಚ್ಚ ಸೇರಿ 23,224 ಪೌಂಡ್, ಆಗಿನ ದರದಲ್ಲಿ ಸುಮಾರು 27 ಲಕ್ಷ ರೂಪಾಯಿ. ಬ್ಯಾಂಕಿನಿಂದ 20 ಲಕ್ಷದ ಶಿಕ್ಷಣ ಸಾಲ ಮಂಜೂರಾಗಿತ್ತು. ಉಳಿದುದಕ್ಕೆ ಭಾವನವರು ತಮ್ಮ ಖಾತೆಯಲ್ಲಿ 7 ಲಕ್ಷದ 20 ಸಾವಿರ ಇಟ್ಟರು. ಆರು ಎಕರೆ ತೋಟದ ಪಹಣಿ ತೋರಿಸಿದರೆ ಸಾಲದೇ ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಸಾಲದು. ಜಮೀನು, ಚಿನ್ನ, ಮನೆಯ ಬೆಲೆ ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಿನಲ್ಲಿರುವ, ಬೇಕೆಂದಾಗ ತೆಗೆಯಬಹುದಾದ ನಗದು ಮಾತ್ರ ಬರುತ್ತದೆ. ಕೈಯಲ್ಲಿ ಕಾಸಿಲ್ಲದಿದ್ದರೂ ಮಣ್ಣಿನಲ್ಲಿ ಆಸ್ತಿಯಿರುವ ನಮ್ಮ ಜಿಲ್ಲೆಯ ಕುಟುಂಬಗಳಿಗೆ ಇದು ಅರಗಿಸಿಕೊಳ್ಳಲು ಕಷ್ಟದ ಮಾತು.

ಇನ್ನೇನು 28 ದಿನ ತುಂಬಿತು ಎನ್ನುವಾಗ ಪಾಸ್‌ಬುಕ್ ಮುದ್ರಿಸಿಕೊಂಡು ಹೋದೆವು. ಆಕೆ ಪೆನ್ನಿನ ತುದಿಯನ್ನು ಒಂದೊಂದೇ ಸಾಲಿನ ಮೇಲೆ ಇಡುತ್ತಾ ಬಂದು, ಒಂದು ಸಾಲಿನಲ್ಲಿ ನಿಲ್ಲಿಸಿದಳು. "ಅಣ್ಣಾ, ಇಲ್ನೋಡಿ, ಹದಿನೇಳನೇ ದಿನ ಟ್ರ್ಯಾಕ್ಟರ್ ಕಂತು ಹೋಗ್ಬಿಟ್ಟಿದೆ" ಎಂದಳು. ಕಂತು 28 ಸಾವಿರ. ಖಾತೆ 6 ಲಕ್ಷದ 92 ಸಾವಿರಕ್ಕೆ ಇಳಿದಿತ್ತು. "ನಾಲ್ಕು ದಿನದಲ್ಲಿ ಕೊಬ್ಬರಿ ದುಡ್ಡು ಬಂತಲ್ಲಮ್ಮ, ಮತ್ತೆ ತುಂಬಿದೀನಲ್ಲ" ಎಂದರು ಭಾವನವರು. ಆಕೆ ತಲೆಯಾಡಿಸಿ, ಮತ್ತೆ ಮೊದಲ ದಿನದಿಂದ ಎಣಿಸಬೇಕೆಂದೂ, ಕಂತು ಕಡಿತವಾಗುವ ಖಾತೆಯನ್ನು ಬೇರೆ ಮಾಡಬೇಕೆಂದೂ ಹೇಳಿದಳು. ಆ ಒಂದು ಸಾಲನ್ನು ಆಕೆ ಗಮನಿಸದೆ ಅರ್ಜಿ ಹೋಗಿದ್ದರೆ ವೀಸಾ ನಿರಾಕರಣೆಯಾಗುತ್ತಿತ್ತು, ಕಟ್ಟಿದ 524 ಪೌಂಡ್ ಅರ್ಜಿ ಶುಲ್ಕವೂ ಹೋಗುತ್ತಿತ್ತು. ಆ ಮಧ್ಯಾಹ್ನದ ಋಣವನ್ನು ನಾನು ಮರೆಯುವುದಿಲ್ಲ.

ಹೆಸರಿನ ವಿಷಯದಲ್ಲಿಯೂ ಅಷ್ಟೇ ಎಚ್ಚರ ತೋರಿಸಿದರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ನಮೂದಾಗಿರಲಿಲ್ಲ. ತಂದೆಯ ಖಾತೆಯ ಹಣ ತೋರಿಸುವವರು ತಾನು ಅವರ ಮಗಳು ಎಂದು ಜನನ ಪ್ರಮಾಣಪತ್ರದಿಂದ ಸಾಬೀತುಮಾಡಬೇಕು, ತಂದೆಯ ಒಪ್ಪಿಗೆ ಪತ್ರವನ್ನೂ ಕೊಡಬೇಕು. ಜನನ ನೋಂದಣಿಯಲ್ಲಿ ಹೆಸರು ಸೇರಿಸಲು ಏಪ್ರಿಲ್‌ನಲ್ಲಿಯೇ ನಮ್ಮನ್ನು ಓಡಿಸಿದ್ದರಿಂದ ಜುಲೈನಲ್ಲಿ ಪರದಾಟವಾಗಲಿಲ್ಲ. ಕ್ಷಯರೋಗದ ತಪಾಸಣೆಗೆ, ಬೆರಳಚ್ಚಿಗೆ ಬೆಂಗಳೂರಿಗೆ ಹೋಗುವ ದಿನಗಳನ್ನೂ ಅವರೇ ಹೊಂದಿಸಿದರು. ತಪಾಸಣೆಯ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯಸ್ಸು, ಆದ್ದರಿಂದ ತೀರಾ ಮುಂಚೆ ಮಾಡಿಸಬಾರದು.

ಇನ್ನು ಕೊರತೆಗಳು. ಸಲಹೆ ಉಚಿತ ಎಂಬ ಫಲಕ ಬಾಗಿಲಲ್ಲಿದೆ. ಸೇರಿದ ವಿದ್ಯಾರ್ಥಿಯ ಲೆಕ್ಕದಲ್ಲಿ ವಿಶ್ವವಿದ್ಯಾಲಯಗಳು ಇವರಿಗೆ ಕಮಿಷನ್ ಕೊಡುತ್ತವೆ ಎಂಬುದನ್ನು ನಾನು ನೇರವಾಗಿ ಕೇಳಿದಾಗ ಒಪ್ಪಿಕೊಂಡರು, ಅದನ್ನು ಮೆಚ್ಚುತ್ತೇನೆ. ಆದರೆ ಅದರ ಫಲವಾಗಿ ನಮ್ಮ ಮುಂದೆ ಬಂದದ್ದು ಮೂರೇ ವಿಶ್ವವಿದ್ಯಾಲಯಗಳು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲವೆಂಬುದು, ವರ್ಷದ ಖರ್ಚಿಗೆ 11,904 ಯೂರೋವನ್ನು ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ನಿರ್ಬಂಧಿತ ಖಾತೆಯಲ್ಲಿಟ್ಟು, ನಮ್ಮ ಅಂಕಪಟ್ಟಿ ಪದವಿಗಳು ಅಸಲಿ ಎಂದು ದೃಢಪಡಿಸುವ ಎ.ಪಿ.ಎಸ್. ಪ್ರಮಾಣಪತ್ರ ಪಡೆದರೆ ಆ ದಾರಿಯೂ ಇದೆಯೆಂಬುದು ಅವರ ಬಾಯಿಂದ ಬರಲಿಲ್ಲ. ಒಮ್ಮೆ ನಮ್ಮ ಪಕ್ಕದಲ್ಲಿ ಕುಳಿತಿದ್ದ ಪಾವಗಡದ ಹುಡುಗನೊಬ್ಬ ಪರಿಶಿಷ್ಟ ಜಾತಿಗೆ ಸೇರಿದವನು. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ವಿದೇಶ ವ್ಯಾಸಂಗ ಯೋಜನೆಯ ಬಗ್ಗೆ ಅವನಿಗೆ ಹೇಳಿದವನು ನಾನು. ಅದು ಕಚೇರಿಯವರು ಮಾಡಬೇಕಿದ್ದ ಕೆಲಸ.

ಸಂದರ್ಶನದ ಸಿದ್ಧತೆ ನನಗೆ ಎಲ್ಲಕ್ಕಿಂತ ಬೇಸರ ತಂದಿತು. ನಲವತ್ತು ಪ್ರಶ್ನೆಗಳಿಗೆ ಟೈಪು ಮಾಡಿದ ಉತ್ತರಗಳ ಹಾಳೆ ಕೊಟ್ಟು ಬಾಯಿಪಾಠ ಮಾಡಲು ಹೇಳಿದರು. ಎಲ್ಲರಿಗೂ ಅದೇ ಹಾಳೆ. ವಿಶ್ವವಿದ್ಯಾಲಯದವರು ವಿಡಿಯೊದಲ್ಲಿ ಕೇಳಿದ್ದು ಅದರಲ್ಲಿ ಇರಲೇ ಇಲ್ಲ: ಎರಡನೇ ಅವಧಿಯಲ್ಲಿ ಯಾವ ವಿಷಯ ಆಯ್ದುಕೊಳ್ಳುತ್ತೀಯ, ನೀನು ಬಿ.ಇ.ಯಲ್ಲಿ ಮಾಡಿದ ಪ್ರಾಜೆಕ್ಟಿಗೆ ಅದು ಹೇಗೆ ಮುಂದುವರಿಕೆ ಎಂಬುದು. ಹುಡುಗಿ ಹಿಂದಿನ ರಾತ್ರಿ ಹಾಳೆಯನ್ನು ಬದಿಗಿಟ್ಟು ಪಠ್ಯಕ್ರಮವನ್ನು ತಾನೇ ಓದಿಕೊಂಡಿದ್ದರಿಂದ ಉತ್ತರಿಸಿದಳು.

ಇಷ್ಟೆಲ್ಲ ಆಗಿ ವೀಸಾ ಬಂದ ದಿನ ಸಿಹಿ ಹಂಚಿ ಫೋಟೊ ತೆಗೆಸಿಕೊಂಡರು. ಅವರ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿಯಿತು. ನಮಗೆ ಬೇಕಿದ್ದ ಉಳಿದ ಅರ್ಧ ಸಲಹೆ ಸಿಕ್ಕಿದ್ದು ಲೆಸ್ಟರಿನ ಬಾಡಿಗೆ ಮನೆಯಲ್ಲಿ, ಪಕ್ಕದ ಕೋಣೆಯ ನೈಜೀರಿಯಾದ ಹೆಣ್ಣುಮಗಳಿಂದ. ಆಕೆ ಇಬಾದಾನ್ ನಗರದವಳು, ಸಾರ್ವಜನಿಕ ಆರೋಗ್ಯ ಓದಲು ನಮ್ಮ ಹುಡುಗಿಗಿಂತ ಎಂಟು ತಿಂಗಳು ಮೊದಲೇ ಬಂದವಳು. ಭಾನುವಾರದ ವಿಡಿಯೊ ಕರೆಯಲ್ಲಿ ಆಕೆ ಹೇಳುತ್ತಾ ಹೋದಂತೆ ನಮ್ಮ ಹುಡುಗಿ ಅಕ್ಕನಿಗೆ ಕನ್ನಡದಲ್ಲಿ ತಿಳಿಸುತ್ತಿದ್ದಳು. ಓದಿಗೋ ಕೆಲಸಕ್ಕೋ ದೇಶ ಬಿಟ್ಟು ಹೊರಡುವುದನ್ನು ನೈಜೀರಿಯಾದವರು 'ಜಾಪಾ' ಎನ್ನುತ್ತಾರಂತೆ. ಯೊರುಬಾ ಭಾಷೆಯಲ್ಲಿ ಅದಕ್ಕೆ ತಪ್ಪಿಸಿಕೊಂಡು ಓಡು ಎಂಬ ಅರ್ಥ.

ಆಕೆ ಮೊದಲು ಹೇಳಿದ್ದೇ ನಾಣ್ಯದ ಬೆಲೆಯ ವಿಷಯ. 2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ನೈರಾವನ್ನು ಮಾರುಕಟ್ಟೆಯ ದರಕ್ಕೆ ಬಿಟ್ಟಿತು. ಅಲ್ಲಿಯವರೆಗೆ ಡಾಲರಿಗೆ 460ರಿಂದ 470 ನೈರಾ ಇದ್ದ ಅಧಿಕೃತ ದರ 2024ರ ಫೆಬ್ರುವರಿಯಲ್ಲಿ 1,500 ದಾಟಿತು. ಮೊದಲ ಕಂತು ಕಟ್ಟಿ ಇಂಗ್ಲೆಂಡಿಗೆ ಬಂದಿದ್ದ ವಿದ್ಯಾರ್ಥಿಗಳ ಮನೆಯವರು ಎರಡನೇ ಕಂತಿಗೆ ಕೂಡಿಟ್ಟಿದ್ದ ಹಣ ಮೂರನೇ ಒಂದು ಪಾಲಿಗೆ ಇಳಿಯಿತು. ಟೀಸೈಡ್ ವಿಶ್ವವಿದ್ಯಾಲಯದಲ್ಲಿ ಶುಲ್ಕ ಬಾಕಿ ಉಳಿಸಿಕೊಂಡ ನೈಜೀರಿಯಾದ ಕೆಲವರ ಪ್ರವೇಶ ರದ್ದಾಗಿ, ದೇಶ ಬಿಡುವ ಸೂಚನೆ ಬಂದದ್ದು 2024ರ ಮೇ ತಿಂಗಳಲ್ಲಿ ಸುದ್ದಿಯಾಗಿತ್ತು. ಶುಲ್ಕ ಕಟ್ಟದಿದ್ದರೆ ವಿಶ್ವವಿದ್ಯಾಲಯ ವಿದ್ಯಾರ್ಥಿಯ ವೀಸಾಕ್ಕೆ ತಾನು ಕೊಟ್ಟ ಪ್ರಾಯೋಜಕತ್ವವನ್ನು ಹಿಂತೆಗೆದುಕೊಳ್ಳಬಹುದು, ಪ್ರಾಯೋಜಕತ್ವ ಹೋದರೆ ವೀಸಾವೂ ಉಳಿಯುವುದಿಲ್ಲ. ಆದ್ದರಿಂದ ಕಂತು ತಪ್ಪುವ ಭಯ ಕಂಡ ದಿನವೇ, ಗಡುವು ಮೀರುವ ಮುಂಚೆ, ಹಣಕಾಸು ವಿಭಾಗಕ್ಕೆ ಲಿಖಿತವಾಗಿ ತಿಳಿಸಿ ಕಂತಿನ ಮರುಹೊಂದಾಣಿಕೆ ಕೇಳಬೇಕೆಂದು ಆಕೆ ಹೇಳಿದಳು. ವೀಸಾ ಅಧಿಕಾರಿಗಳು ನಮ್ಮ ಹಣವನ್ನು ಪೌಂಡಿಗೆ ಪರಿವರ್ತಿಸುವುದು ಒಆಂಡಾ ಎಂಬ ವಿನಿಮಯ ದರದ ಜಾಲತಾಣದಲ್ಲಿ ಅರ್ಜಿಯ ದಿನ ಇರುವ ದರದಲ್ಲಿ. ನೈರಾದಲ್ಲಿ ಸಾಕಷ್ಟಿದೆ ಎಂದು ನಂಬಿ 28 ದಿನ ಕಾದವರ ಮೊತ್ತ ಅರ್ಜಿಯ ದಿನ ಕಡಿಮೆ ಬೀಳುವುದುಂಟು, ಹಾಗಾಗಿ ತೋರಿಸಬೇಕಾದುದಕ್ಕಿಂತ ಹತ್ತರಲ್ಲಿ ಒಂದು ಪಾಲಾದರೂ ಹೆಚ್ಚು ಇಡುವುದು ಅವರಲ್ಲಿ ರೂಢಿ.

ನಮ್ಮ ರೂಪಾಯಿಗೆ ಅಂಥ ಗತಿ ಬಂದಿಲ್ಲ, ಆದರೆ ನಾವೂ ಏಟು ತಿಂದೆವು. 2025ರ ಜನವರಿಯಲ್ಲಿ 107 ರೂಪಾಯಿಯ ಆಸುಪಾಸಿನಲ್ಲಿದ್ದ ಪೌಂಡ್ ಸೆಪ್ಟೆಂಬರ್‌ನಲ್ಲಿ 118 ದಾಟಿತ್ತು. 13,000 ಪೌಂಡ್ ಬಾಕಿಯ ಮೇಲೆ ಅದು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಕಚೇರಿಯವರು ಮಾರ್ಚ್‌ನಲ್ಲಿ ಬರೆದುಕೊಟ್ಟ ಒಟ್ಟು ಖರ್ಚಿನ ಪಟ್ಟಿಯಲ್ಲಿ ಇದಕ್ಕೆ ಒಂದು ರೂಪಾಯಿಯನ್ನೂ ಸೇರಿಸಿರಲಿಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ವೀಸಾ ಅರ್ಜಿಯೊಡನೆ ಕಟ್ಟುವ ಆರೋಗ್ಯ ಸರ್ಚಾರ್ಜನ್ನು ವರ್ಷಕ್ಕೆ 776 ಪೌಂಡ್ ಎಂದಷ್ಟೇ ಬರೆದಿದ್ದರು. ಕೋರ್ಸು ಒಂದೇ ವರ್ಷದ್ದಾದರೂ ವೀಸಾ ಅದರ ಹಿಂದೆ ಮುಂದೆ ಕೆಲವು ತಿಂಗಳು ಸೇರಿ ಬರುವುದರಿಂದ, ಅರ್ಜಿ ತುಂಬುವಾಗ ಒಮ್ಮೆಗೇ 1,164 ಪೌಂಡ್ ಕಟ್ಟಬೇಕಾಯಿತು. ವ್ಯತ್ಯಾಸದ ಹಣಕ್ಕೆ ಅಕ್ಕ ಬಳೆ ಅಡವಿಟ್ಟಳು. ಕಚೇರಿಯ ಮೇಲೆ ನನಗಿರುವ ಗಟ್ಟಿಯಾದ ದೂರು ಇದೇ: ಅಡಿಕೆ, ಕೊಬ್ಬರಿಯ ದರ ಏರಿಳಿಯುವುದನ್ನು ದಿನವೂ ನೋಡುವ ರೈತರಿಗೆ ಪೌಂಡಿನ ಏರಿಳಿತವನ್ನು ವಿವರಿಸಲು ಐದು ನಿಮಿಷ ಸಾಕಿತ್ತು.

ಅರೆಕಾಲಿಕ ಕೆಲಸದ ಸಂಬಳವನ್ನು ಶುಲ್ಕದ ಲೆಕ್ಕಕ್ಕೆ ತರಬೇಡಿ ಎಂಬುದು ಆ ನೈಜೀರಿಯಾದ ಹೆಣ್ಣುಮಗಳ ಇನ್ನೊಂದು ಮಾತು. ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಮೀರಿದರೆ ವೀಸಾಕ್ಕೇ ಕುತ್ತು. ತುಮಕೂರಿನ ಕಚೇರಿಯಲ್ಲಿ "ಅಲ್ಲಿ ಹೋದ ಮೇಲೆ ಕೆಲಸ ಸಿಗುತ್ತೆ ಬಿಡಿ, ಹೊಂದಿಸ್ಕೋಬಹುದು" ಎಂಬ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ನಮ್ಮ ಹುಡುಗಿಗೆ ಮೊದಲ ಕೆಲಸ ಸಿಕ್ಕಿದ್ದು ಹತ್ತನೇ ವಾರದಲ್ಲಿ. ನೈಜೀರಿಯಾದ ಆಕೆಗೆ ಪತಿ ಮತ್ತು ಮೂರು ವರ್ಷದ ಮಗ ಇದ್ದಾರೆ, ಇಬಾದಾನ್‌ನಲ್ಲಿಯೇ ಉಳಿದಿದ್ದಾರೆ. 2022ರಲ್ಲಿ ಹೋಗಿದ್ದ ಆಕೆಯ ಚಿಕ್ಕಪ್ಪನ ಮಗಳು ಸಂಸಾರವನ್ನು ಜೊತೆಗೇ ಕರೆದೊಯ್ದಿದ್ದಳು. 2024ರ ಜನವರಿಯಿಂದ ತರಗತಿ ಆಧಾರಿತ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆ ಅವಕಾಶ ನಿಂತಿದೆ. ಓದು ಮುಗಿದ ಮೇಲೆ ಉಳಿದು ಕೆಲಸ ಹುಡುಕುವ ಅವಧಿಯೂ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ನಿಯಮ ನಡುದಾರಿಯಲ್ಲಿ ಬದಲಾಗುವುದನ್ನು ಕಣ್ಣಾರೆ ಕಂಡವರ ಮಾತಿಗೆ ತೂಕವಿರುತ್ತದೆ.

ಊರು ಬಿಡುವ ಮೊದಲೇ ವಿಶ್ವವಿದ್ಯಾಲಯದಿಂದ, ಎಲ್ಲ ವರ್ಷಗಳ ಅಂಕಗಳ ಅಧಿಕೃತ ದಾಖಲೆಯಾದ, ಮೊಹರು ಮಾಡಿದ ಟ್ರಾನ್ಸ್‌ಕ್ರಿಪ್ಟ್ ನಾಲ್ಕಾರು ಪ್ರತಿ ತೆಗೆಸಿಕೊಳ್ಳಿ, ಮನೆ ನೋಡದೆ ಯಾರಿಗೂ ಮುಂಗಡ ಕಳಿಸಬೇಡಿ, ಬ್ರಿಟನ್ನಿನಲ್ಲಿ ಜಾಮೀನುದಾರರಿಲ್ಲದಿದ್ದರೆ ಹಲವು ತಿಂಗಳ ಬಾಡಿಗೆಯನ್ನು ಆಗ ಒಟ್ಟಿಗೆ ಕೇಳುವುದಿತ್ತು ಎಂದೂ ಆಕೆ ಹೇಳಿದಳು. ಟ್ರಾನ್ಸ್‌ಕ್ರಿಪ್ಟಿಗಾಗಿ ಆಕೆಯ ತಮ್ಮ ತಿಂಗಳುಗಟ್ಟಲೆ ಅಲೆದನಂತೆ. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಕಾದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಸಣ್ಣ ಸಂಗತಿ: ಕಚೇರಿಯವರು ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ತುಪ್ಪವಿತ್ತು. ನಮ್ಮ ದೇಶದಿಂದ ಹಾಲಿನ ಉತ್ಪನ್ನಗಳನ್ನು ಬ್ರಿಟನ್ನಿಗೆ ಒಯ್ಯುವಂತಿಲ್ಲ. ಅಕ್ಕ ಮನೆಯ ಹಸುವಿನ ಬೆಣ್ಣೆ ಕಾಯಿಸಿ, ಡಬ್ಬಿಯ ಬಾಯಿಗೆ ಬಟ್ಟೆ ಬಿಗಿದು, ಟೇಪು ಸುತ್ತಿ ಇಟ್ಟಿದ್ದಳು. ಹೊರಡುವ ಹಿಂದಿನ ರಾತ್ರಿ ನಿಯಮ ಓದಿದ ಹುಡುಗಿ ಅದನ್ನು ಪೆಟ್ಟಿಗೆಯಿಂದ ತೆಗೆದಾಗ ಅಕ್ಕ ಮಾತಾಡದೆ ಒಳಗೆ ಹೋದಳು. ರಾಗಿ ಹಿಟ್ಟೂ ಚಟ್ನಿಪುಡಿಯೂ ಹೋದವು.

ಐದರಲ್ಲಿ ಅಂಕ ಕೊಡಿ ಎಂದರೆ ಕಾಗದಪತ್ರದ ಕೆಲಸಕ್ಕೆ ಐದು, ವಿಶ್ವವಿದ್ಯಾಲಯದ ಆಯ್ಕೆಗೆ ಎರಡು, ಹಣದ ಮತ್ತು ಅಲ್ಲಿನ ಬದುಕಿನ ಮಾರ್ಗದರ್ಶನಕ್ಕೆ ಒಂದು ಕೊಡುತ್ತೇನೆ. ಕಚೇರಿ ಭಾನುವಾರ ಮುಚ್ಚಿರುತ್ತದೆ. ಶನಿವಾರ ಬೆಳಗ್ಗೆ ಹತ್ತೂವರೆಗೆ ಹೋದರೆ ಆ ತಿಪಟೂರಿನ ಹುಡುಗಿಯೇ ಸಿಗುತ್ತಾಳೆ, ಪಾಸ್‌ಬುಕ್ಕನ್ನು ಆಕೆಯ ಕೈಗೇ ಕೊಡಿ.